ಇಬ್ಬರೂ ಹೋದರೆ ಮನೆ ಕಾಯೋರ್ಯಾರು?

ಫೆಬ್ರವರಿ 2, ಭಾನುವಾರ. ಸಂಜೆ

ಇವರು ಹಿತ್ತಿಲ ಬಾಗಿಲು ಎಳೆದು ನೋಡಿ ಬಂದರು. ಈಗ ಮುಂಬಾಗಿಲು. ಆಮೇಲೆ ಮತ್ತೆ ಹಿತ್ತಿಲು — ಈ ಕಡೆ ಬರುವಷ್ಟರಲ್ಲಿ ಅದೇನಾದರೂ ಮನಸ್ಸು ಬದಲಾಯಿಸಿದ್ದರೆ? ಮದುವೆಯಾಗಿ ಮಾಗಡಿಗೆ ಬಂದಾಗಿನಿಂದ ಇದೇ ಪ್ರದಕ್ಷಿಣೆ. ದೇವಸ್ಥಾನಕ್ಕೆ ಇಷ್ಟು ಸುತ್ತು ಹಾಕಿದ್ದರೆ ಸೋಮೇಶ್ವರ ಎದ್ದು ಬಂದು, ಸಾಕು ಗವಿಸಿದ್ದಯ್ಯ, ಏನು ಬೇಕೋ ಕೇಳು ಅನ್ನುತ್ತಿದ್ದ.

ಕನಕಪುರದಿಂದ ನನ್ನ ತಮ್ಮ ದಯಾನಂದ ಬಂದಿದ್ದ. ಮಗಳು ದಿವ್ಯನ ಮದುವೆ ಗೊತ್ತಾಗಿದೆ. ಮಾರ್ಚ್ ಒಂಬತ್ತು. ನನಗೆ ಕೂತಲ್ಲಿ ಕೂರಲಾಗಲಿಲ್ಲ.

"ಅಕ್ಕ, ಧಾರೆ ನೀನೂ ಭಾವನೂ ಎರೀಬೇಕು" ಅಂದ. ಅವನ ಹೆಂಡತಿ ತೀರಿಕೊಂಡು ವರ್ಷಗಳಾದವು. ಧಾರೆಗೆ ಜೋಡಿ ಬೇಕು. ದಿವ್ಯ ರಜೆಯೆಲ್ಲ ಕಳೆದದ್ದು ಇಲ್ಲೇ, ಈ ಹಜಾರದಲ್ಲೇ ಬಿದ್ದು ಎದ್ದು ಬೆಳೆದವಳು. ಅತ್ತೆ-ಮಾವನನ್ನು ಬಿಟ್ಟು ಬೇರೆ ಯಾರೂ ಬೇಡ ಅಂತ ಅವಳೇ ಹೇಳಿ ಕಳಿಸಿದ್ದಾಳೆ.

ಇವರು ಕಾಫಿ ಲೋಟ ಕೆಳಗಿಟ್ಟರು. "ಮುಹೂರ್ತ ಎಷ್ಟೊತ್ತಿಗೆ?"

"ಬೆಳಗಿನ ಜಾವ ಭಾವ. ಹಿಂದಿನ ದಿವ್ಸಾನೇ ಬಂದ್ಬುಡಿ."

"ಅಂಗಂದ್ರೆ ರಾತ್ರಿ ಅಲ್ಲೇ ಉಳೀಬೇಕು..." ಕಣ್ಣು ಹಿತ್ತಿಲ ಬಾಗಿಲ ಕಡೆ ಹೋಯಿತು. "ಇಬ್ರೂ ಹೋದ್ರೆ ಮನೆ ಕಾಯೋರ್ಯಾರು?"

ಲೋಟ ಎತ್ತಿ ಒಗೆಯಬೇಕು ಅನ್ನಿಸಿತು. ಸ್ಟೀಲ್ ಲೋಟ, ಒಡೆಯುವುದೂ ಇಲ್ಲ. ತೊಳೆದಿಟ್ಟೆ.

ಫೆಬ್ರವರಿ 3. ಮಧ್ಯಾಹ್ನ

ಇವರಿಗೆ ಹುಚ್ಚೇನೂ ಇಲ್ಲ. ಕಾರಣ ಇದೆ. ಆಗ ಇವರು ಇನ್ನೂ ಚಿಗುರು ಮೀಸೆಯ ಹುಡುಗ. ಹಳ್ಳಿ ಮನೆಗೆ ಬೀಗ ಹಾಕಿ, ಜಗುಲಿಯಲ್ಲಿ ಮಲಗಲು ಒಬ್ಬನನ್ನು ಗೊತ್ತು ಮಾಡಿ, ಎಲ್ಲರೂ ಮದುವೆಗೆ ಹೋಗಿದ್ದರಂತೆ. ಆ ಮಹರಾಯ ಪಕ್ಕದೂರಿಗೆ ನಾಟಕ ನೋಡಲು ಹೋದ. ಇವರು ಬಂದು ನೋಡಿದರೆ ಬಾಗಿಲು ಹಾರು ಹೊಡೆದಿತ್ತು, ಚಿಲಕ ಅಂಗಳದಲ್ಲಿ ಬಿದ್ದಿತ್ತು. ಪಾತ್ರೆ ಪಡಗ ಹೋಗಲಿ, ತಾತ ಕೊರಳಲ್ಲಿ ಧರಿಸುತ್ತಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆ ಹೋಯಿತು. ಅತ್ತೆ ಸಾಯುವವರೆಗೂ ಅದನ್ನೇ ಹೇಳಿಕೊಂಡು ಅಳುತ್ತಿದ್ದರು.

ಆವತ್ತಿನಿಂದ ಇವರ ಕಾನೂನು — ಮನೆಯಲ್ಲಿ ಒಬ್ಬರು ಇರಲೇಬೇಕು. ಇವರು ಹೋದರೆ ನಾನು ಕಾವಲು, ನಾನು ಹೋದರೆ ಇವರು. ನೆಂಟರ ಮನೆಯ ಮದುವೆ ಆಲ್ಬಂ ಯಾವುದೇ ತೆಗೆಯಲಿ, ಒಂದೋ ನಾನಿದ್ದೇನೆ, ಇಲ್ಲ ಇವರಿದ್ದಾರೆ. ನೋಡಿದವರು ನಮಗಿಬ್ಬರಿಗೂ ಮಾತಿಲ್ಲ ಅಂದುಕೊಳ್ಳಬೇಕು.

ನಮ್ಮ ಮಗ ಮಧುವಿನ ಮದುವೆಯನ್ನು ಮನೆ ಮುಂದೆಯೇ ಚಪ್ಪರ ಹಾಕಿಸಿ ಮಾಡಿದರು. ಬಾಗಿಲು ಕಣ್ಣೆದುರಿಗೇ ಇರಲಿ ಅಂತ. ಆ ಒಂದು ಫೋಟೋದಲ್ಲಿ ಇಬ್ಬರೂ ಇದ್ದೇವೆ. ನಾನು ಕ್ಯಾಮೆರಾ ನೋಡುತ್ತಿದ್ದೇನೆ. ಇವರ ಮುಖ ಬಾಗಿಲ ಕಡೆ.

ಇಷ್ಟಕ್ಕೂ ನಮ್ಮ ಮನೆಯಲ್ಲಿ ಇರುವುದೇನು? ಒಂದು ಗ್ರೈಂಡರ್. ಕಳ್ಳ ಅದನ್ನು ಎತ್ತಲು ಹೋದರೆ ಸೊಂಟ ಹಿಡಿದುಕೊಂಡು ಅಲ್ಲೇ ಕೂರಬೇಕು, ನಾವು ಬಂದು ಎಣ್ಣೆ ತಿಕ್ಕಬೇಕು.

ಫೆಬ್ರವರಿ 5. ರಾತ್ರಿ

ಬೆಳಿಗ್ಗೆ ರೊಟ್ಟಿ ತಟ್ಟುತ್ತಾ ಮತ್ತೆ ಕೇಳಿದೆ. ಅಂಗಡಿಗೆ ಹೊರಟಿದ್ದವರು ಚಪ್ಪಲಿ ಮೆಟ್ಟುತ್ತಾ ಅಂದರು, "ಬಾಗ್ಲು ಭದ್ರ ಇದ್ರೆ ನೋಡಬೋದಿತ್ತು."

ಸಾಕು ನನಗೆ. ಭದ್ರ ಮಾಡಿದರೆ ಆಯಿತಲ್ಲ! ಬಿಡದಿಗೆ, ಮಧುಗೆ ಫೋನ್ ಮಾಡಿದೆ. ಫ್ಯಾಕ್ಟರಿ ಶಿಫ್ಟ್ ಮುಗಿಸಿ ನಿದ್ದೆಗಣ್ಣಲ್ಲಿದ್ದ. "ಕ್ಯಾಮೆರಾ ಹಾಕ್ಸಮ್ಮ" ಅಂದ. ರಾತ್ರಿ ಇವರಿಗೆ ಹೇಳಿದರೆ, "ಕ್ಯಾಮೆರಾ ಕಳ್ಳನ ಫೋಟೋ ತೆಗೀತದೆ. ಕಳ್ಳನ್ನ ತಡೀತದಾ?" ಕಳ್ಳನಿಗಾದರೂ ಫೋಟೋ ಭಾಗ್ಯ ಬಂತಲ್ಲ ಅಂದೆ. ಕೇಳಿಸದವರ ಹಾಗೆ ಎದ್ದು ಹೋದರು. ಹಿತ್ತಿಲ ಬಾಗಿಲಿಗೆ.

ಫೆಬ್ರವರಿ 9, ಭಾನುವಾರ

ಎಂಥ ದಿನ! ಇನ್ನೂ ನಗು ನಿಂತಿಲ್ಲ.

ಇವರು ಗೊಬ್ಬರದ ಅಂಗಡಿ ಬಾಗಿಲು ತೆಗೆಯಲು ಹೋದ ಮೇಲೆ ಪಕ್ಕದ ಮನೆ ತಾಹೇರಾಳನ್ನು ಕರೆದೆ. ಬೀದಿಯ ಹೆಂಗಸರಿಗೆಲ್ಲ ಬಟ್ಟೆ ಹೊಲಿಯುವವಳು. "ಬಾರೆ, ನಮ್ಮನೆಗೆ ಕನ್ನ ಹಾಕು" ಅಂದೆ.

"ಅರೆ ಅಕ್ಕ, ಶಿವರಾತ್ರಿಗೆ ಬ್ಲೌಸ್ ರಾಶಿ ಬಿದ್ದೈತೆ. ಕನ್ನ ಹಾಕಕ್ಕೆ ಟೈಮ್ ಎಲ್ಲೈತೆ?"

ಆದರೂ ಬಂದಳು. ಬರುವಾಗ ಬಟ್ಟೆ ಅಳೆಯುವ ಕಬ್ಬಿಣದ ಸ್ಕೇಲ್ ಕೈಯಲ್ಲೇ ಇತ್ತು. ನಾನು ಹಿತ್ತಿಲ ಬಾಗಿಲಿಗೆ ಒಳಗಿಂದ ಕೊಂಡಿ ಹಾಕಿ, ಮುಂದಿನಿಂದ ಬೀಗ ಹಾಕಿಕೊಂಡು ಬಂದು ಹಿತ್ತಿಲಲ್ಲಿ ನಿಂತೆ. ಅವಳು ಬಾಗಿಲ ಸಂದಿಗೆ ಕಣ್ಣಿಟ್ಟು ನೋಡಿದಳು. ಸ್ಕೇಲ್ ತೂರಿಸಿದಳು, ಮೇಲಕ್ಕೆ ಎತ್ತಿದಳು. ಟಕ್. ಅಷ್ಟೇ.

"ಅಕ್ಕ, ನಾನು ಒಳಗೆ ಬಂದೆ. ನೀನೂ ಬಾ, ಕಾಫಿ ಇಡು."

ಹಾಳಾದ ಬಾಗಿಲು! ಮುಂಬಾಗಿಲಾದರೂ ಮರ್ಯಾದೆ ಉಳಿಸಲಿ ಅಂದರೆ, ಅವಳು ಹೊಲಿಗೆ ಮಿಷನ್ನಿನ ಸ್ಕ್ರೂಡ್ರೈವರ್ ತಂದು ಬೀಗ ಮುಟ್ಟಲೇ ಇಲ್ಲ, ಚಿಲಕದ ಪಟ್ಟಿಯನ್ನೇ ಬಿಚ್ಚಿ ನನ್ನ ಕೈಗಿಟ್ಟಳು. ಬೀಗ ಹಾಗೇ ಜೋತಾಡುತ್ತಿತ್ತು, ಭಾರಿ ಬೀಗ. ಅದನ್ನು ಹಿಡಿದಿದ್ದ ಸ್ಕ್ರೂಗಳು ಮಗುವಿನ ಹಾಲುಹಲ್ಲಿನಷ್ಟಿದ್ದವು.

ಊಟಕ್ಕೆ ಬಂದಾಗ ಎಲ್ಲ ಹೇಳಿದೆ. ಕೂಗಾಡುತ್ತಾರೆ, ನೋಡಿದ್ಯಾ ನಾನು ಹೇಳಲಿಲ್ಲವಾ ಅನ್ನುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಒಂದು ಸ್ಕ್ರೂ ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಇಷ್ಟುದ್ದದ್ದಾ? ಇದನ್ನ ನಂಬ್ಕಂಡಾ ನಾನು ಇಷ್ಟು ವರ್ಷ ಕಾದಿದ್ದು?"

ಸಾರು ಆರಿ ತಣ್ಣಗಾಯಿತು. ಕೈ ತೊಳೆದವರೇ ಬಡಗಿ ದಾಸಪ್ಪನಿಗೆ ಫೋನ್ ಮಾಡಿದರು.

ಫೆಬ್ರವರಿ 16, ಭಾನುವಾರ

ದಾಸಪ್ಪ ಬಂದು ನಾಲ್ಕು ದಿನ. ಅರ್ಧ ಹೊತ್ತು ಟೀ, ಕಾಲು ಹೊತ್ತು ಮಾತು, ಉಳಿದದ್ದು ಕೆಲಸ. ಇವರು ಅಂಗಡಿಯಿಂದ ಗಂಟೆಗೊಂದು ಸಲ ಓಡಿ ಬರುತ್ತಾರೆ.

"ಬೋಲ್ಟಿಗೆ ಸ್ಕ್ರೂ ಉದ್ದದ್ದು ಹಾಕ್ಲಾ. ಚೌಕಟ್ಟು ದಾಟಿ ಗೋಡೆ ಹಿಡ್ಕಬೇಕು."

"ಅಣ್ಣೋ, ಗೋಡೆನೂ ದಾಟಿ ತಾಹೇರಮ್ಮನ ಮನೇಗೆ ಬಂದ್ಬುಟ್ರೆ?"

ಇವರು ನಗಲಿಲ್ಲ. ಯೋಚನೆ ಮಾಡಿದರು! ನಾನು ಒಳಗೆ ಸೆರಗು ಬಾಯಿಗೆ ಒತ್ತಿಕೊಂಡೆ.

ಆದರೆ ಒಂದು ಮಾತು. ಈ ಮನುಷ್ಯ ಇಷ್ಟು ಉತ್ಸಾಹದಲ್ಲಿ ಓಡಾಡಿದ್ದನ್ನು ನೋಡಿ ಎಷ್ಟು ಕಾಲವಾಗಿತ್ತು. ಸ್ಕೇಲ್ ತೂರುವ ಸಂದಿಗೆ ಮರದ ಪಟ್ಟಿ ಹೊಡೆಸಿದ್ದಾರೆ. ಹಿತ್ತಿಲ ಬಾಗಿಲಿಗೆ ತಗಡು. ಕೊಂಡಿ ಹೋಗಿ ಮೇಲೊಂದು ಕೆಳಗೊಂದು ಬೋಲ್ಟ್. ಗೊಬ್ಬರ ಕೊಳ್ಳಲು ಬಂದ ರೈತರಿಗೆಲ್ಲ ಬಾಗಿಲ ಪಾಠ. ಇವತ್ತು ಒಬ್ಬರನ್ನು ಮನೆಗೇ ಕರೆತಂದು ತೋರಿಸಿದರು. ಅವರು ಯೂರಿಯಾ ಕೇಳಲು ಬಂದವರು, ಪಾಪ.

ಫೆಬ್ರವರಿ 21

ಬೆಳಿಗ್ಗೆ ಗಲಾಟೆ. ಮುಂಬಾಗಿಲ ಕೆಳಗಿನ ಬೋಲ್ಟ್ ಇಳಿಯುತ್ತಿಲ್ಲ. ದಾಸಪ್ಪನಿಗೆ ಫೋನಿನಲ್ಲೇ ಮಂಗಳಾರತಿ. ಅವನು ಬಂದು, ಮಂಡಿಯೂರಿ, ಹೊಸಿಲ ಹಿಂದೆ ಕೊರೆದ ತೂತಿಗೆ ಕಡ್ಡಿ ಹಾಕಿ ಕೆದಕಿದ. ಬಂತು ನೋಡಿ — ರಂಗೋಲಿ ಪುಡಿ, ಅರಿಶಿನ, ಕುಂಕುಮ, ಒಂದು ಎಸಳು ಸೇವಂತಿಗೆ. ನಾನು ದಿನಾ ಹೊಸಿಲು ತೊಳೆದು ಪೂಜೆ ಮಾಡಿದ್ದೆಲ್ಲ ಹರಿದು ಆ ತೂತಿನಲ್ಲಿ ಕೂತು ಗಟ್ಟಿಯಾಗಿದೆ.

"ಅಮ್ಮೋರೆ, ಕಳ್ಳ ಬಂದ್ರೆ ಆರತಿನೂ ಎತ್ಬುಡಿ" ಅಂದ ದಾಸಪ್ಪ.

ನಾಳೆಯಿಂದ ಪೂಜೆ ಆದ ಮೇಲೆ ತೂತಿಗೆ ಕಡ್ಡಿ ಹಾಕುವುದೂ ಒಂದು ವ್ರತ.

ಫೆಬ್ರವರಿ 26, ಶಿವರಾತ್ರಿ

ವರ್ಷದಲ್ಲಿ ಇವರು ನೆಮ್ಮದಿಯಾಗಿರುವುದು ಇದೊಂದು ದಿನ. ಊರೆಲ್ಲ ಎದ್ದಿರುತ್ತದೆ, ಕಳ್ಳರೂ ಉಪವಾಸ ಇರುತ್ತಾರೆ ಅನ್ನುತ್ತಾರೆ. ಮುಂಬಾಗಿಲಿಗೆ ಇವತ್ತು ಕಬ್ಬಿಣದ ಅಡ್ಡಪಟ್ಟಿ ಕೂಡ ಬಂತು. ಗೋಡೆಯಿಂದ ಗೋಡೆಗೆ. ಅದಕ್ಕೂ ವಿಭೂತಿ ಬಳಿದರು.

ದಿವ್ಯ ಫೋನ್ ಮಾಡಿದ್ದಳು. "ಅತ್ತೆ, ಮಾವ ಬರ್ತಾರಾ?"

"ಬರ್ತಾರೆ ಕಣೇ" ಅಂದುಬಿಟ್ಟೆ. ಇವರು ಬರುತ್ತೇನೆ ಅಂದೇ ಇಲ್ಲ.

ಮಾರ್ಚ್ 2, ಭಾನುವಾರ

ಇವತ್ತು ಹೊರಡುವ ರಿಹರ್ಸಲ್ ಮಾಡೋಣ ಅಂದೆ. ಒಪ್ಪಿದರು. ನಾನು ರೇಷ್ಮೆ ಸೀರೆಯ ಬ್ಯಾಗ್ ಹಿಡಿದು ಹಜಾರದಲ್ಲಿ ನಿಂತೆ. ಇವರು ಹಿತ್ತಿಲ ಬಾಗಿಲ ಬೋಲ್ಟ್ ಎರಡೂ ಹಾಕಿದರು. ಬಂದು ಮುಂಬಾಗಿಲಿನ ಮೇಲಿನದು, ಕೆಳಗಿನದು, ಚೈನು. ಕೊನೆಗೆ ಅಡ್ಡಪಟ್ಟಿ ಎತ್ತಿ ಕೂರಿಸಿ, ಕೈ ಝಾಡಿಸಿಕೊಂಡು ತಿರುಗಿದರು.

"ನೋಡಮ್ಮಿ, ಇನ್ನು ಆನೆ ಬಂದು ಗುದ್ದಿದ್ರೂ ಅಳ್ಳಾಡಾಕಿಲ್ಲ. ನಡಿ, ಹೋಗಣ."

ನಾನು ಬ್ಯಾಗ್ ಹಿಡಿದೇ ಇದ್ದೆ. "ಎಲ್ಲಿಂದ ಹೋಗಣ್ರೀ?"

ಬಾಗಿಲು ನೋಡಿದರು. ನನ್ನನ್ನು ನೋಡಿದರು. ಮತ್ತೆ ಬಾಗಿಲು.

ಮೂರು ವಾರ ದುಡಿದು, ಇಬ್ಬರೂ ಸೇರಿ, ಮನೆಯನ್ನು ಕೋಟೆ ಮಾಡಿದ್ದೇವೆ — ಎಲ್ಲ ಒಳಗಿನಿಂದ! ಮನೆಯಲ್ಲಿ ಯಾರೂ ಇಲ್ಲದೆ ಇರಬಹುದು ಅನ್ನುವುದು ನಮ್ಮಿಬ್ಬರ ತಲೆಗೆ ಹೊಳೆದೇ ಇಲ್ಲ. ಇವರದ್ದು ಬಿಡಿ, ನನ್ನ ತಲೆಗೂ! ಹೊರಗಡೆ ಇರುವುದು ತಾಹೇರಾ ಬಿಚ್ಚಿ ಮತ್ತೆ ಕೂರಿಸಿದ ಅದೇ ಹಳೇ ಚಿಲಕ, ಅದೇ ಹಾಲುಹಲ್ಲು.

ನಕ್ಕೂ ನಕ್ಕೂ ನಾನು ನೆಲದ ಮೇಲೆ ಕೂತೆ. ಇವರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಆಮೇಲೆ ಪಂಚೆ ಚುಂಗಿನಿಂದ ಕಣ್ಣೊರೆಸಿಕೊಂಡು ಅಂದರು —

"ಶಿವನೇ ಹೇಳ್ತಾವ್ನೆ ಬುಡು. ಮನೇಲಿ ಒಬ್ರು ಇರ್ಬೇಕು ಅಂತ. ನೀನು ಹೋಗ್ಬುಟ್ಟು ಬಾ."

ನನ್ನ ನಗು ಅಲ್ಲೇ ನಿಂತಿತು.

ಮಾರ್ಚ್ 3

ಮಾತಾಡಿಲ್ಲ. ಸಾರಿಗೆ ಉಪ್ಪೂ ಹಾಕಿಲ್ಲ. ಹಾಗೇ ತಿಂದೆದ್ದರು.

ಸಂಜೆ ತಡೆಯಲಾಗಲಿಲ್ಲ. ಹೇಳಿಬಿಟ್ಟೆ. "ಧಾರೆಗೆ ನಾನೊಬ್ಳೇ ನಿಂತ್ಕಳಕ್ಕಾಗಲ್ಲ. ನೀವು ಬರ್ದಿದ್ರೆ ನಾನೂ ಹೋಗಲ್ಲ. ಆ ಮಗೀಗೆ ಯಾರೋ ಗೊತ್ತಿಲ್ದೋರು ಧಾರೆ ಎರೀಲಿ. ನಾವಿಬ್ರೂ ಇಲ್ಲೇ ಕೂತು ಗ್ರೈಂಡರ್ ಕಾಯಣ ಬನ್ನಿ."

ಜೋರಾಗಿ ಹೇಳಬೇಕು ಅಂದುಕೊಂಡಿದ್ದೆ. ಗ್ರೈಂಡರ್ ಅನ್ನುವಾಗ ಅಳು ಬಂತು. ಗ್ರೈಂಡರಿಗೆ ಅಳುವವಳು ಮಾಗಡಿಯಲ್ಲಿ ನಾನೊಬ್ಬಳೇ ಇರಬೇಕು.

ಇವರು ಎದ್ದು ಹೋದರು. ಹಿತ್ತಿಲಿಗಲ್ಲ. ಅಂಗಳಕ್ಕೆ ಹೋಗಿ ಮುಂಬಾಗಿಲನ್ನು ಹೊರಗಿನಿಂದ ನೋಡುತ್ತಾ ನಿಂತರು.

ಮಾರ್ಚ್ 4

ಮಧ್ಯಾಹ್ನ ದಾಸಪ್ಪನನ್ನು ಕರೆತಂದರು. ನನ್ನ ಜೊತೆ ಮಾತಿಲ್ಲ, ಅವನ ಜೊತೆ. ಆದರೆ ನನಗೆ ಕೇಳಿಸುವ ಹಾಗೆ.

"ಎಲ್ಲಾ ಒಳಗಿಂದ ಮಾಡ್ಬುಟ್ಟಿದೀವಿ ಕಣ್ಲಾ. ಈಗ ಹೊರಗೆ ಹೋಗೋರ ತರ ಯೋಚ್ನೆ ಮಾಡು."

ಬಾಗಿಲ ದಪ್ಪದೊಳಗೇ ಕೂರುವ ಬೀಗ ತಂದಿದ್ದಾರೆ. ಹೊರಗಡೆ ಬಿಚ್ಚಲು ಒಂದು ಸ್ಕ್ರೂ ಕಾಣಿಸುವುದಿಲ್ಲ, ಕೀ ತೂತು ಮಾತ್ರ. ತಿರುಗಿಸಿದರೆ ಬೆರಳು ಗಾತ್ರದ ಸರಳುಗಳು ಚೌಕಟ್ಟಿನೊಳಕ್ಕೆ ಹೋಗುತ್ತವೆ. ಅಲ್ಲಿಗೂ ಕಬ್ಬಿಣದ ತಟ್ಟೆ, ಗೋಡೆ ಹಿಡಿಯುವ ಸ್ಕ್ರೂ. ಹಿತ್ತಿಲಿಗೆ ಒಳಗಿಂದ ಬೋಲ್ಟ್ ಹಾಕಿ, ಮುಂದಿನಿಂದ ಹೊರಟರೆ ಆಯಿತು. ಇಷ್ಟು ಸರಳ. ಹಳೇ ಚಿಲಕವನ್ನು ನಾನೇ ಕಿತ್ತು ಗುಜರಿಗೆ ಹಾಕಿದೆ.

ಮಜ್ಜಿಗೆ ಕೊಟ್ಟೆ. ಕುಡಿದರು. "ಉಪ್ಪು ಸರಿಯಾಗೈತೆ" ಅಂದರು.

ಮಾರ್ಚ್ 6

ಬರೆಯಲು ಕೈ ಓಡುತ್ತಿಲ್ಲ, ಅಷ್ಟು ಖುಷಿ.

ಬೆಳಿಗ್ಗೆ ಇವರೇ ಪಂದ್ಯ ಕಟ್ಟಿದರು. "ನಾನೇ ಕಳ್ಳ ಆಯ್ತೀನಿ. ಒಳಕ್ಕೆ ನುಗ್ದೆ ಅಂದ್ರೆ ನೀನೊಬ್ಳೇ ಹೋಗ್ಬೇಕು. ಆಗ್ನಿಲ್ಲ ಅಂದ್ರೆ ನಾನೂ ಬತ್ತೀನಿ."

ಬೀಗ ಹಾಕಿದೆ. ಕೀ ಸೊಂಟಕ್ಕೆ ಸಿಕ್ಕಿಸಿಕೊಂಡು ತಾಹೇರಾಳ ಜಗುಲಿಯಲ್ಲಿ ಟೀ ಲೋಟ ಹಿಡಿದು ಕೂತೆ. ಇವರು ಪಂಚೆ ಮೇಲಕ್ಕೆ ಕಟ್ಟಿ ಶುರು ಮಾಡಿದರು. ಭುಜ ಕೊಟ್ಟು ತಳ್ಳಿದರು. ತಾಹೇರಾಳ ಸ್ಕೇಲ್ ತಗೊಂಡು ಹೋದರು — ತೂರಲಿಲ್ಲ, ಬಗ್ಗಿತು. "ಅಣ್ಣ, ನನ್ನ ಸ್ಕೇಲ್!" ಅಂತ ಅವಳು ಕೂಗಿದಳು. ಹಿತ್ತಿಲಿಗೆ ಹೋಗಿ ತಗಡು ಬಡಿದ ಸದ್ದು ಕೇಳಿತು. ಕೈ ಉಜ್ಜಿಕೊಳ್ಳುತ್ತಾ ವಾಪಸ್ ಬಂದರು. ಕೊನೆಗೆ ಹಾರೆ ತಂದರು. ದಾಸಪ್ಪನಿಗೆ ಸುದ್ದಿ ಯಾರು ಮುಟ್ಟಿಸಿದರೋ, ಓಡಿ ಬಂದ. "ಅಣ್ಣೋ, ನಾನು ಬದುಕಿರೋವಾಗ್ಲೇ ನನ್ನ ಕೆಲ್ಸ ಮೀಟ್ತೀರಾ!" ಬೀದಿಯೆಲ್ಲ ಸೇರಿತು. ಕೆಲವರು ಕಳ್ಳನ ಕಡೆ, ಕೆಲವರು ಬಾಗಿಲ ಕಡೆ.

ಅಷ್ಟರಲ್ಲಿ ಬೀಟ್ ಪೊಲೀಸಪ್ಪ ಬೈಕಿನಲ್ಲಿ ಬಂದ. ಹಗಲು ಹೊತ್ತಿನಲ್ಲಿ ಒಬ್ಬ ಹಾರೆ ಹಿಡಿದು ಬಾಗಿಲು ಮೀಟುತ್ತಿದ್ದಾನೆ, ಜನ ನಿಂತು ನೋಡುತ್ತಿದ್ದಾರೆ!

"ಯಾರ್ರೀ ಅದು? ಇಡ್ರೀ ಕೆಳಗೆ!"

"ನಮ್ಮನೇನೇ ಸಾರ್."

"ಎಲ್ಲಾ ಕಳ್ಳರೂ ಅಂಗೇ ಅನ್ನೋದು. ಕೀ ಎಲ್ಲಿ?"

ಇವರು ಬೆವರೊರೆಸಿಕೊಂಡು ನನ್ನ ಕಡೆ ಕೈ ತೋರಿಸಿದರು. ಪೊಲೀಸಪ್ಪ ಕೇಳಿದ, "ಏನಮ್ಮ, ಇವರು ಯಾರು ಗೊತ್ತಾ?"

ನಾನು ಟೀ ಪೂರ್ತಿ ಮುಗಿಸಿದೆ. ಲೋಟ ಇಟ್ಟೆ. ಕಣ್ಣು ಕಿರಿದು ಮಾಡಿ ನೋಡಿದೆ.

"ಎಲ್ಲೋ ನೋಡ್ದಂಗೈತೆ ಸಾರ್."

ಬೀದಿ ಹೊಟ್ಟೆ ಹಿಡಿದುಕೊಂಡಿತು. ಪೊಲೀಸಪ್ಪನಿಗೂ ವಿಷಯ ತಿಳಿದು ನಗು. ತಾನೂ ಒಂದು ಕೈ ನೋಡುತ್ತೇನೆ ಅಂತ ಬಾಗಿಲಿಗೆ ಭುಜ ಕೊಟ್ಟ. ಕೆಂಪಗಾದ ಮುಖದಲ್ಲಿ ವಾಪಸ್ ಬಂದ. "ಗಟ್ಟಿ ಐತೆ ಕಣ್ರೀ" ಅಂದ. "ಊರಿಗೆ ಹೋಗೋವಾಗ ಒಸಿ ಸ್ಟೇಷನ್‌ಗೂ ತಿಳ್ಸಿ ಹೋಗಿ. ಒಂದು ರೌಂಡ್ ಬತ್ತೀವಿ."

ಇವರು ಹಾರೆ ಗೋಡೆಗೆ ಒರಗಿಸಿದರು. ಬಾಗಿಲನ್ನು ಒಂದು ಸಲ ಸವರಿದರು. ಎತ್ತಿನ ಬೆನ್ನು ತಟ್ಟುವ ಹಾಗೆ. ಸೋತ ಮುಖವೇ ಅಲ್ಲ.

"ಬಸಮ್ಮಿ, ನನ್ನ ರೇಷ್ಮೆ ಪಂಚೆ ಎಲ್ಲಿಟ್ಟಿದ್ದೀಯೇ?"

ಮಾರ್ಚ್ 8, ಶನಿವಾರ. ಬಸ್ಸಿನಲ್ಲಿ

ಅಕ್ಷರಗಳು ಕುಣಿಯುತ್ತಿವೆ. ರಾಮನಗರ ದಾಟಿದೆವು. ಇವರು ಪಕ್ಕದಲ್ಲಿ. ಪಕ್ಕದಲ್ಲಿ!

ಹೊರಡುವಾಗ ಇನ್ನೊಂದು ಕೀ ಇವರು ಎಲ್ಲರ ಹಾಗೆ ದಾಸವಾಳದ ಕುಂಡದ ಕೆಳಗೆ ಇಡಲು ಬಗ್ಗಿದರು. ಇಷ್ಟೆಲ್ಲ ಮಾಡಿ ಕುಂಡದ ಕೆಳಗಾ! ಬಗ್ಗಿದವರು ಹಾಗೇ ಎದ್ದು ತಾಹೇರಾಳ ಕೈಗೆ ಕೊಟ್ಟರು. ಬೇರೆಯವರನ್ನು ನಂಬಿ ಕೊಟ್ಟದ್ದು ಚಿಗುರು ಮೀಸೆ ಕಾಲದ ನಂತರ ಇದೇ ಮೊದಲು. "ಮಲಗೋದೆಲ್ಲ ಬ್ಯಾಡ ತಾಯಿ, ಒಸಿ ಕಣ್ಣಿಟ್ಟಿರು" ಅಂದರು. ಅವಳು ಕಣ್ಣಿಗೊತ್ತಿಕೊಂಡು ತಗೊಂಡಳು. ಹೊಸ ಸ್ಕೇಲ್ ಸಾಲ ಇದೆ, ಮರೆಯಬಾರದು.

ಬಸ್ ಸ್ಟ್ಯಾಂಡಿನಿಂದ ಅವಳಿಗೆ ಒಂದು ಸಲ ಫೋನ್. ರಾಮನಗರದಲ್ಲಿ ಇನ್ನೊಂದು ಸಲ. ಸ್ಪೀಕರ್ ಹಾಕಿದ್ದರು, ಬಸ್ಸಿಗೆಲ್ಲ ಕೇಳಿಸಿತು —

"ಅಣ್ಣ, ಬಾಗ್ಲು ಅಲ್ಲೇ ಐತೆ. ಎಲ್ಲೂ ಹೋಗಿಲ್ಲ. ನೀವು ಹೋಗಿ."

ಮಾರ್ಚ್ 9, ಭಾನುವಾರ. ಛತ್ರದಲ್ಲಿ

ಧಾರೆ ಆಯಿತು. ನನ್ನ ಕೈ ಕೆಳಗೆ ಇವರ ಕೈ, ಅದರ ಕೆಳಗೆ ದಿವ್ಯನದು. ಹಾಲು ಸುರಿದಾಗ ಇವರು ದಿವ್ಯನ ಕೈ ಇನ್ನೂ ಬಿಗಿಯಾಗಿ ಹಿಡಿದರು. ದಿವ್ಯ ಅತ್ತಳು, ದಯಾನಂದ ಕಂಬದ ಹಿಂದೆ ನಿಂತು ಅತ್ತ. ನಾನಂತೂ ಕೇಳಲೇಬೇಡಿ. ಅವಳ ಅಮ್ಮ ಇದ್ದಿದ್ದರೆ ಅನ್ನಿಸಿತು. ಅದರ ಜೊತೆಗೇ, ನಾನಿದ್ದೇನಲ್ಲ, ಇವರಿದ್ದಾರಲ್ಲ ಅಂತಲೂ ಅನ್ನಿಸಿತು.

ಈಗ ಎಲ್ಲರೂ ತಿಂಡಿಗೆ ಹೋಗಿದ್ದಾರೆ. ಇವರ ಫೋನ್ ನನ್ನ ಬ್ಯಾಗಿನಲ್ಲೇ ಇದೆ. ಎದ್ದಾಗಿನಿಂದ ಕೇಳಿಲ್ಲ. ನೆನಪಿಸಲೂ ಇಲ್ಲ ನಾನು. ಛತ್ರದ ಬಾಗಿಲು ಮಾತ್ರ ಒಂದು ಸಲ ಎಳೆದು ನೋಡಿದರು, ಸ್ಕ್ರೂ ಸಣ್ಣದು ಅಂದರು.

ಫೋಟೋದವನು ಕರೆಯುತ್ತಿದ್ದಾನೆ. ಧಾರೆ ಎರೆದ ಜೋಡಿ ಬರಬೇಕಂತೆ. ಇವರು ಆಗಲೇ ಹೋಗಿ ನಿಂತಿದ್ದಾರೆ, ರೇಷ್ಮೆ ಪಂಚೆ, ಶಲ್ಯ, ಮದುಮಗನ ಹಾಗೆ. ಛತ್ರದ ಬಾಗಿಲು ಎಡಕ್ಕಿದೆ, ಪೂರ್ತಿ ತೆರೆದಿದೆ. ಆ ಕಡೆ ನೋಡುತ್ತಿಲ್ಲ. ಕ್ಯಾಮೆರಾನೂ ನೋಡುತ್ತಿಲ್ಲ, ಫೋಟೋದವನು ಬೈಯುತ್ತಿದ್ದಾನೆ. ಮುಖ ಈ ಕಡೆ, ನಾನು ಕೂತ ಕಡೆ, ಕೈ ಬೀಸಿ ಕರೆಯುತ್ತಾ — ಬಂದೆ ರೀ, ಸೆರಗೊಂದು ಸರಿ ಮಾಡಿಕೊಂಡು…